ಸೊಣ್ಣಮ್ಮನ ಕಾಲು ಸುಟ್ಟಿದ್ದು ಮನೆಯಲ್ಲಲ್ಲ

ಬಾಶೆಟ್ಟಿಹಳ್ಳಿಯ ಸಾಲುಮನೆಗಳ ಮುಂದಿನ ಕೊಳಾಯಿಯಲ್ಲಿ ನೀರು ಬಿಟ್ಟಾಗ ಅಲ್ಲಿ ಗಂಡಸರು ಕಾಣುವುದು ಅಪರೂಪ. ಅಂಥದ್ದರಲ್ಲಿ ಆ ಭಾನುವಾರ ಬೆಳಿಗ್ಗೆ ಸೊಣ್ಣಮ್ಮನ ಗಂಡ ಕೊಂಡಪ್ಪ ಎರಡು ಕೊಡ ಹಿಡಿದುಕೊಂಡು ಹೆಂಗಸರ ನಡುವೆ ನಿಂತಿದ್ದ. ಅವನಿಗೆ ನಾಚಿಕೆ, ನೋಡುವವರಿಗೆ ನಗು.

ಪಕ್ಕದ ಮನೆಯ ಅಖ್ತರ್ ಬೇಗಂ ತನ್ನ ಬಿಂದಿಗೆಯನ್ನು ಹಿಂದಕ್ಕೆ ಸರಿಸಿ ಅವನಿಗೆ ಜಾಗ ಕೊಟ್ಟಳು.

"ಏನ್ ಕೊಂಡಪ್ಪಣ್ಣ, ಇವತ್ತು ಡ್ಯೂಟಿ ಬದಲಾಗಿದೆ? ಸೊಣ್ಣಮ್ಮಕ್ಕ ಎಲ್ಲಿ?"

"ಮಲಗವ್ಳೆ ಕಣಮ್ಮ. ಕಾಲ್ ಮೇಲೆ ಬಿಸಿನೀರು ಚೆಲ್ಕೊಂಡವ್ಳೆ."

"ಅಯ್ಯೋ! ಎಲ್ಲಿ, ಮನೇಲಾ?"

ಕೊಂಡಪ್ಪ ಕೊಡದ ಕಡೆ ನೋಡಿದ. "ಹೂಂ... ಮನೇಲೇ."

ನೀರು ಹಿಡಿದಿಟ್ಟ ಮೇಲೆ ಅಖ್ತರ್ ಬೇಗಂ ಸುಮ್ಮನೆ ಕೂರಲಿಲ್ಲ. ಸೊಣ್ಣಮ್ಮನೂ ಅವಳೂ ಹತ್ತು ವರ್ಷಕ್ಕೂ ಮೇಲಿನ ನೆರೆಹೊರೆಯವರು. ಅಖ್ತರ್ ಬೇಗಂ ಗಾರ್ಮೆಂಟ್ಸಿನಲ್ಲಿ ಹೊಲಿಗೆ ಕೆಲಸದವಳು. ಸೊಣ್ಣಮ್ಮ ಕೈಗಾರಿಕಾ ಪ್ರದೇಶದ ಇನ್ನೊಂದು ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅಡುಗೆಯವಳು. ಇಬ್ಬರೂ ಬೆಳಗಿನ ಶಿಫ್ಟಿಗೆ ಒಟ್ಟಿಗೇ ಮನೆ ಬಿಡುವವರು. ಬುಧವಾರದಿಂದ ಸೊಣ್ಣಮ್ಮ ಕಂಡಿರಲಿಲ್ಲ. ಮಗನ ಮನೆಗೆ ಹೋಗಿರಬೇಕು ಎಂದುಕೊಂಡಿದ್ದಳು ಅಖ್ತರ್.

ಒಳಗೆ ಹೋಗಿ ನೋಡಿದರೆ ಸೊಣ್ಣಮ್ಮ ಚಾಪೆಯ ಮೇಲೆ ಮಲಗಿ ಎಡಗಾಲನ್ನು ದಿಂಬಿನ ಮೇಲೆ ಇಟ್ಟುಕೊಂಡಿದ್ದಳು. ಮೊಣಕಾಲ ಕೆಳಗಿನಿಂದ ಪಾದದವರೆಗೂ ಬ್ಯಾಂಡೇಜು. ಹೊರಗೆ ಕಾಣುವ ಬೆರಳುಗಳು ಬಾತುಕೊಂಡಿದ್ದವು. ಕಾಲುಂಗುರ ಬಿಚ್ಚಲು ಬಾರದೆ ಕತ್ತರಿಸಿ ತೆಗೆದಿದ್ದರು.

"ಯಾ ಅಲ್ಲಾ! ಇಷ್ಟೊಂದಾ? ಹೆಂಗಾಯ್ತಕ್ಕಾ?"

"ಸ್ನಾನಕ್ಕೆ ನೀರು ಇಳಿಸ್ತಿದ್ದೆ. ಕೈ ಜಾರ್ತು."

ಅಖ್ತರ್ ಬೇಗಂ ಮನೆಯನ್ನೊಮ್ಮೆ ನೋಡಿದಳು. ಬಚ್ಚಲಿನಲ್ಲಿ ನೀರು ಕಾಯಿಸುವ ಕರೆಂಟಿನ ಕಾಯಿಲ್ ನೇತಾಡುತ್ತಿತ್ತು.

"ನೀನು ಬಕೆಟ್ಟಲ್ಲೇ ಕಾಯ್ಸೋಳು. ಅದನ್ನ ಯಾರು ಇಳಿಸ್ತಾರೆ? ಅಕ್ಕಾ, ನನ್ನ ಹತ್ರಾನೂ ಸುಳ್ಳಾ?"

ಸೊಣ್ಣಮ್ಮನ ಕಣ್ಣು ತುಂಬಿಬಂತು. ಸ್ವಲ್ಪ ಹೊತ್ತು ಗೋಡೆಯ ಕಡೆ ಮುಖ ಮಾಡಿದ್ದಳು. ಆಮೇಲೆ ಹೇಳಿದಳು.

ಆಗಿದ್ದು ಇಷ್ಟು. ಬುಧವಾರ ಮಧ್ಯಾಹ್ನದ ಊಟಕ್ಕೆ ಅವರೆಕಾಳಿನ ಸಾರು ಮಾಡಿದ್ದರು. ದೊಡ್ಡ ಡಬರಿ. ಒಂದು ಕಡೆ ಸೊಣ್ಣಮ್ಮ, ಇನ್ನೊಂದು ಕಡೆ ಕವಿತ ಎಂಬ ಹುಡುಗಿ ಹಿಡಿದು ಒಲೆಯಿಂದ ಬಡಿಸುವ ಕಡೆಗೆ ಎತ್ತಿಕೊಂಡು ಹೋಗುತ್ತಿದ್ದರು. ಪಾತ್ರೆ ತೊಳೆಯುವ ಜಾಗದ ಮೋರಿ ಕಟ್ಟಿಕೊಂಡು ಯಾವಾಗಲೂ ನೆಲದ ಮೇಲೆ ಜಿಡ್ಡಿನ ನೀರು ನಿಲ್ಲುತ್ತಿತ್ತು. ಸೊಣ್ಣಮ್ಮನ ಚಪ್ಪಲಿ ಅಲ್ಲಿ ಜಾರಿತು. ಡಬರಿ ವಾಲಿತು. ಕುದಿಯುವ ಸಾರು ಅವಳ ಕಾಲಿನ ಮೇಲೆ ಸುರಿಯಿತು.

ಕ್ಯಾಂಟೀನು ನಡೆಸುವವನು ಅಪ್ಪಯ್ಯಣ್ಣ. ಕಾರ್ಖಾನೆಯವರಿಂದ ಊಟದ ಕಾಂಟ್ರಾಕ್ಟು ಹಿಡಿದವನು. ಆವತಿಯ ಕಡೆಯವನು, ಸೊಣ್ಣಮ್ಮನ ತವರೂ ಅದೇ. ಅವನೇ ತನ್ನ ವ್ಯಾನಿನಲ್ಲಿ ಅವಳನ್ನು ಒಂದು ಸಣ್ಣ ಖಾಸಗಿ ಕ್ಲಿನಿಕ್ಕಿಗೆ ಕರೆದುಕೊಂಡು ಹೋದ. ಬಿಲ್ಲೂ ಕಟ್ಟಿದ. ಬಾಗಿಲಲ್ಲಿ ಇಳಿಯುವ ಮೊದಲು ಮೆಲ್ಲಗೆ ಹೇಳಿದ, "ಸೊಣ್ಣಮ್ಮ, ಡಾಕ್ಟ್ರು ಕೇಳಿದ್ರೆ ಮನೇಲಿ ಆಯ್ತು ಅನ್ನು. ಕ್ಯಾಂಟೀನ್ ಮಾತು ಎತ್ತಬ್ಯಾಡ. ನಿನ್ನ ಕೈ ಮುಗೀತೀನಿ."

ಅವಳು ಹಾಗೇ ಹೇಳಿದ್ದಳು.

"ಯಾಕಂತೆ? ಹೇಳಿದ್ರೆ ಅವ್ನಿಗೇನು ಕಷ್ಟ?" ಅಖ್ತರ್ ಬೇಗಂ ಕೇಳಿದಳು.

"ಕಾರ್ಖಾನೆ ಗೇಟಲ್ಲಿ ಒಂದು ಬೋರ್ಡ್ ಐತೆ ಕಣೇ. ಅಪಘಾತ ಆಗದೆ ಇಷ್ಟು ದಿನ ಆಯ್ತು ಅಂತ ದಿನಾ ಬರೀತಾರೆ. ಬರೋ ತಿಂಗಳು ಅದಕ್ಕೇ ಒಂದು ಫಂಕ್ಷನ್ನು. ದೊಡ್ಡವ್ರೆಲ್ಲಾ ಬರ್ತಾರೆ. ಇದು ಗೊತ್ತಾದ್ರೆ ಬೋರ್ಡು ಸೊನ್ನೆ ಆಗ್ತದೆ. ಕೋಪಕ್ಕೆ ಅಪ್ಪಯ್ಯಣ್ಣನ ಕಾಂಟ್ರಾಕ್ಟೇ ಕಿತ್ತಾಕ್ತಾರೆ ಅಂತ ಅವನ ಭಯ."

"ಅದಕ್ಕೆ ನೀನು ಸುಟ್ಕೊಂಡು ಸುಮ್ನಿರ್ಬೇಕಾ?"

"ಅಖ್ತರಮ್ಮಾ, ಇವರಿಗೆ ಆಪರೇಷನ್ ಆದಾಗ ಮನೆಗೆ ಅಕ್ಕಿ ಬೇಳೆ ತಂದಾಕಿದ್ದು ಯಾರು? ನಂಗೆ ಕೆಲಸ ಕೊಟ್ಟಿದ್ದು ಯಾರು? ಅನ್ನ ಹಾಕ್ದೋನ ಹೊಟ್ಟೆ ಮೇಲೆ ಹೊಡೀಲಾ ನಾನು?"

ಕೊಂಡಪ್ಪನೂ ಹೆಂಡತಿಯ ಪರ ಮಾತಾಡಿದ. "ಆಗಿದ್ದು ಆಗೋಯ್ತು ಬಿಡಮ್ಮ. ಬಡವರು ನಾವು, ಆಫೀಸು ಆಫೀಸು ಅಂತ ಎಲ್ಲಿ ಅಲೀತೀವಿ? ನಾಳೆಯಿಂದ ಕೂತ್ಕೊಂಡು ತರಕಾರಿ ಹೆಚ್ಚು ಬಾ ಅಂದವ್ನೆ ಅಪ್ಪಯ್ಯಣ್ಣ. ಹೋಗ್ತಾಳೆ. ಹೋಗದಿದ್ರೆ ಸಂಬಳ ಇಲ್ವಲ್ಲ."

"ನಾಳೇನಾ? ಈ ಕಾಲಲ್ಲಾ?" ಅಖ್ತರ್ ಬೇಗಂ ಬಗ್ಗಿ ಬ್ಯಾಂಡೇಜನ್ನು ನೋಡಿದಳು. ಅಂಚಿನಲ್ಲಿ ಹಳದಿ ಕೀವು ಒಸರಿ ಒಣಗಿತ್ತು. ಕೆಟ್ಟ ವಾಸನೆಯೂ ಬರುತ್ತಿತ್ತು. "ಅಕ್ಕಾ, ನಿಂಗೆ ಸಕ್ಕರೆ ಕಾಯಿಲೆ ಬೇರೆ ಇದೆ. ನಮ್ಮ ಚಿಕ್ಕಪ್ಪನಿಗೆ ಬೆರಳಿನ ಗಾಯ ಅಂತ ಶುರುವಾಗಿದ್ದು, ಕಾಲೇ ತೆಗ್ಸಬೇಕಾಯ್ತು. ಮರೆತ್ಯಾ?"

ಕೊಂಡಪ್ಪನ ಮುಖ ಸಪ್ಪಗಾಯಿತು.

"ನಿನ್ನ ಸಂಬಳದ ಚೀಟೀಲಿ ಇಎಸ್‌ಐ ಅಂತ, ಅದೇ ಕಾರ್ಮಿಕರ ವಿಮೆ, ದುಡ್ಡು ಹಿಡ್ಕೊಳ್ತಾರಾ?" ಅಖ್ತರ್ ಬೇಗಂ ಕೇಳಿದಳು.

"ಹಿಡ್ಕೊಳ್ತಾರೆ. ಅದೇನೋ ಸರ್ಕಾರಕ್ಕೆ ಹೋಗೋದು ಅಂತ ಸುಮ್ನಿದ್ದೆ. ಆದ್ರೆ ಅದೆಲ್ಲಾ ಕಂಪನಿಯವ್ರಿಗಲ್ವಾ? ನಾನು ಕಂಪನಿಯೋಳಲ್ಲ, ಅಪ್ಪಯ್ಯಣ್ಣನ ಆಳು. ಮಿಷನ್ ಮುಟ್ಟಿದೋಳೂ ಅಲ್ಲ, ಸೌಟು ಹಿಡಿಯೋಳು."

"ಹಿಡ್ಕೊಂಡ್ಮೇಲೆ ನೀನೂ ಅದರೊಳಗೇ. ಮಿಷನ್ನಾದ್ರೇನು, ಸೌಟಾದ್ರೇನು? ಹೋದ ವರ್ಷ ನಾನು ಕೈ ಮುರ್ಕೊಂಡಿದ್ದು ಎಲ್ಲಿ? ಕೆಲಸಕ್ಕೆ ಹೋಗ್ತಾ ರಸ್ತೇಲಿ ಸ್ಕೂಟಿಯಿಂದ ಬಿದ್ದಿದ್ದು. ಕಾರ್ಖಾನೆ ಗೇಟೂ ಮುಟ್ಟಿರ್ಲಿಲ್ಲ. ಆದ್ರೂ ಅದನ್ನ ಕೆಲಸದ ಗಾಯ ಅಂತಾನೇ ತಗೊಂಡ್ರು. ಮೂಳೆ ಕೂಡೋವರ್ಗೂ ಮನೇಲಿ ಕೂತಿದ್ದೆ, ಸಂಬಳದಲ್ಲಿ ನೂರಕ್ಕೆ ತೊಂಬತ್ತರಂತೆ ನನ್ನ ಬ್ಯಾಂಕಿಗೆ ಬಂತು. ನೀನೇ ಅಲ್ವಾ ನಂಗೆ ಜಡೆ ಹೆಣೀತಿದ್ದೋಳು!"

ಸೊಣ್ಣಮ್ಮ ಕಣ್ಣೊರೆಸಿಕೊಳ್ಳುತ್ತಲೇ ಸ್ವಲ್ಪ ನಕ್ಕಳು. ಆದರೂ ಒಪ್ಪಲಿಲ್ಲ. "ನೀನು ಏನಾದ್ರೂ ಹೇಳು, ಅಪ್ಪಯ್ಯಣ್ಣನಿಗೆ ಕೊಟ್ಟ ಮಾತು ತಪ್ಪಲ್ಲ."

"ಸರಿ, ತಪ್ಪಬೇಡ. ಕಾಲನ್ನಾದ್ರೂ ತೋರ್ಸು. ನಾಳೆ ನಾನು ರಜ ಹಾಕ್ತೀನಿ. ನಮ್ಮೋರ ಆಟೋ ಇದೆ."

ಸೋಮವಾರ ಬೆಳಿಗ್ಗೆ ಅಖ್ತರಳ ಗಂಡ ಚಾಂದ್ ಪಾಷಾ ತನ್ನ ಆಟೋದಲ್ಲಿ ಎಲ್ಲರನ್ನೂ ದೊಡ್ಡಬಳ್ಳಾಪುರದ ಇಎಸ್‌ಐ ಚಿಕಿತ್ಸಾಲಯಕ್ಕೆ ಬಿಟ್ಟ. ಹಳ್ಳ ಸಿಕ್ಕಿದ ಕಡೆಯೆಲ್ಲಾ "ಅಮ್ಮಾ, ಗಟ್ಟಿಯಾಗಿ ಹಿಡ್ಕೊಳ್ಳಿ" ಎಂದು ಕೂಗಿ ಹೇಳುತ್ತಾ, ಎತ್ತಿನ ಗಾಡಿಗಿಂತ ನಿಧಾನವಾಗಿ ಓಡಿಸಿದ.

ಅಲ್ಲಿದ್ದ ಡಾಕ್ಟರು ಪವಿತ್ರ ಎಂಬ ಹೆಣ್ಣುಮಗಳು. ಅವರು ಬ್ಯಾಂಡೇಜನ್ನು ನೀರಿನಲ್ಲಿ ನೆನೆಸಿ ಸ್ವಲ್ಪ ಸ್ವಲ್ಪವೇ ಬಿಡಿಸಿದರು. ಸೊಣ್ಣಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು. ಗಾಯ ನೋಡಿದ ಕೊಂಡಪ್ಪ ಹೊರಗೆ ಹೋಗಿ ಬೆಂಚಿನ ಮೇಲೆ ಕೂತುಬಿಟ್ಟ.

"ಹೇಗಾಯ್ತಮ್ಮ ಇದು?" ಡಾಕ್ಟರು ಕೇಳಿದರು.

"ಮನೇಲಿ... ಬಿಸಿನೀರು."

ಡಾಕ್ಟರು ಗಾಯ ತೊಳೆಯುತ್ತಾ ಇದ್ದರು. ಮಾತು ಜೋರು ಮಾಡಲಿಲ್ಲ. "ಮನೇಲಿ ಆಗಿದ್ರೂ ನಾನು ಚಿಕಿತ್ಸೆ ಕೊಡ್ತೀನಿ, ಹೆದರಬೇಡಿ. ಆದ್ರೆ ಕೆಲಸದಲ್ಲಿ ಆಗಿದ್ರೆ ಅದಕ್ಕೆ ಬೇರೆ ಸೌಲಭ್ಯ ಇದೆ, ಅದು ನಿಮಗೆ ಗೊತ್ತಿರಲಿ. ಮನೆಯ ಕಾಯಿಲೆಗೆ ಸಿಗೋ ರಜೆ ಹಣ ಕಡಿಮೆ, ದಿನಗಳಿಗೂ ಮಿತಿ ಇದೆ. ಕೆಲಸದ ಗಾಯಕ್ಕೆ ಹಾಗಲ್ಲ. ವಾಸಿಯಾಗಿ ನೀವು ಮತ್ತೆ ಕೆಲಸಕ್ಕೆ ಹೋಗೋ ಹಾಗೆ ಆಗೋವರೆಗೂ ಬರುತ್ತೆ. ದೇವರು ದೊಡ್ಡವನು, ಹಾಗಾಗಲ್ಲ, ಆದ್ರೂ ಹೇಳ್ತೀನಿ. ಕಾಲಿನ ಶಕ್ತಿ ಶಾಶ್ವತವಾಗಿ ಕುಗ್ಗಿದ್ರೆ ಎಷ್ಟು ಕುಗ್ಗಿದೆ ಅಂತ ವೈದ್ಯರ ಮಂಡಳಿ ನೋಡಿ, ಅದಕ್ಕೆ ತಕ್ಕ ಹಾಗೆ ಜೀವನಪೂರ್ತಿ ಕೊಡ್ತಾರೆ. ನೀವು ಮನೇಲಿ ಆಯ್ತು ಅಂದ್ರೆ ಇದ್ಯಾವುದಕ್ಕೂ ದಾರಿ ಇರಲ್ಲ."

ಸೊಣ್ಣಮ್ಮ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು.

"ಇನ್ನೊಂದು ಮಾತು," ಡಾಕ್ಟರು ಹೇಳಿದರು. "ಸಕ್ಕರೆ ಇರೋ ಕಾಲಿಗೆ ಈಗ ಬೇಕಾಗಿರೋದು ರೆಸ್ಟು. ಕ್ಯಾಂಟೀನಿನ ಒದ್ದೆ ನೆಲದ ಮೇಲೆ ನಿಂತ್ರೆ ಈ ಗಾಯ ನಾನು ಹೇಳಿದ ಮಾತು ಕೇಳಲ್ಲ."

"ಕ್ಯಾಂಟೀನು ಅಂತ ನಾನು ಹೇಳ್ಲೇ ಇಲ್ವಲ್ಲ ಡಾಕ್ಟ್ರಮ್ಮ?"

"ನಿಮ್ಮ ಕೆಲಸ ಏನು ಅಂತ ಚೀಟಿ ಮಾಡ್ಸುವಾಗ್ಲೇ ನಿಮ್ಮ ಯಜಮಾನ್ರು ಹೇಳಿದ್ರಲ್ಲ," ಡಾಕ್ಟರು ನಕ್ಕರು. "ಇನ್ನು ಗಾಯದ ಮೂಲೇಲಿ ಒಂದು ಸಾಸಿವೆ ಕಾಳು ಅಂಟ್ಕೊಂಡಿತ್ತು. ಸ್ನಾನದ ನೀರಿಗೆ ಒಗ್ಗರಣೆ ಹಾಕ್ತೀರಾ?"

ಅಖ್ತರ್ ಬೇಗಂ ದುಪಟ್ಟಾವನ್ನು ಬಾಯಿಗೆ ಅಡ್ಡ ಹಿಡಿದರೂ ನಗು ತಡೆಯಲಾಗಲಿಲ್ಲ. ಸೊಣ್ಣಮ್ಮನಿಗೂ ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. ಅಳುತ್ತಾ ಇದ್ದದ್ದನ್ನೆಲ್ಲಾ ಹೇಳಿಬಿಟ್ಟಳು. ಡಾಕ್ಟರು ಪೂರ್ತಿ ಕೇಳಿಸಿಕೊಂಡು ಆಮೇಲೆ ಬರೆದುಕೊಂಡರು.

"ಈಗ ಕಾಂಟ್ರಾಕ್ಟರು ಅಪಘಾತದ ವರದಿಯನ್ನ ಇಎಸ್‌ಐಗೆ ಕೊಡಬೇಕು. ಆಗಿಂದಾಗ್ಲೇ ಕೊಡಬೇಕಿತ್ತು. ಪರವಾಗಿಲ್ಲ, ಈಗ್ಲೂ ಕೊಡಬಹುದು. ಅವರು ಕೊಡದೇ ಇದ್ರೆ ನೀವೇ ಶಾಖಾ ಕಚೇರಿಗೆ ಬರೆದುಕೊಡಬಹುದು, ಅವರು ಬಂದು ವಿಚಾರಿಸ್ತಾರೆ. ಆದ್ರೆ ಮೊದಲು ಅವರನ್ನ ಕೇಳಿ ನೋಡಿ."

ಅಂದು ಸಂಜೆ ಅಪ್ಪಯ್ಯಣ್ಣನೇ ಮನೆಗೆ ಬಂದ. ಕೈಯಲ್ಲಿ ಒಂದು ಚೀಲ ದಾಳಿಂಬೆ. ಸೊಣ್ಣಮ್ಮ ಕೆಲಸಕ್ಕೆ ಬರಲಿಲ್ಲವೆಂದು ನೋಡಿಕೊಂಡು ಹೋಗಲು ಬಂದಿದ್ದ. ಕೊಂಡಪ್ಪ ಕುರ್ಚಿ ಹಾಕಿದ. ವಿಷಯ ಹೇಗೆ ತೆಗೆಯಬೇಕೆಂದು ತಿಳಿಯದೆ ದಾಳಿಂಬೆಯ ರೇಟು ಕೇಳಿದ.

ಸೊಣ್ಣಮ್ಮನೇ ಬಾಯಿಬಿಟ್ಟಳು. "ಅಣ್ಣಾ, ನಾನು ಡಾಕ್ಟ್ರಿಗೆ ನಿಜ ಹೇಳ್ಬಿಟ್ಟೆ."

ಅಪ್ಪಯ್ಯಣ್ಣ ಎದ್ದು ನಿಂತ. ಅವನ ಮುಖ ಕೆಂಪಾಯಿತು. "ಏನಮ್ಮಾ ನೀನು! ತಂಗಿ ಅಂತ ನೋಡ್ಕೊಂಡೆ. ಬಿಲ್ ಕಟ್ಟಿಲ್ವಾ ನಾನು? ಕೈ ಬಿಟ್ಟಿದ್ನಾ? ಈಗ ಆ ಸೇಫ್ಟಿ ಮ್ಯಾನೇಜರ್ ಕಾಂತರಾಜು ನನ್ನ ಸುಮ್ನೆ ಬಿಡ್ತಾನಾ? ಕಾಂಟ್ರಾಕ್ಟ್ ಹೋದ್ರೆ ನಾನೊಬ್ನೇ ಅಲ್ಲ, ನೀನು, ಕವಿತ, ಅಷ್ಟೂ ಜನ ಬೀದಿಗೆ ಬರ್ತೀರ!"

ಅಖ್ತರ್ ಬೇಗಂ ಬಾಗಿಲಲ್ಲಿ ನಿಂತಿದ್ದಳು. ಏನೋ ಹೇಳಲು ಹೋದಳು. ಸೊಣ್ಣಮ್ಮ ಕೈಯೆತ್ತಿ ತಡೆದಳು.

"ಅಣ್ಣಾ, ನೀನು ಕೂತ್ಕೋ. ನಿನ್ನ ಮೇಲೆ ನಂಗೆ ಕೋಪ ಇಲ್ಲ. ಒಂದು ಕೇಳ್ತೀನಿ, ಹೇಳು. ಯುಗಾದಿ ಮುಂಚೆ ಕವಿತ ಅದೇ ಜಾಗದಲ್ಲಿ ಜಾರಿ ಬಿದ್ದು ಸೊಂಟ ಹಿಡ್ಕೊಂಡ್ಳಲ್ಲ, ಅವಳೂ ಮನೇಲಿ ಬಿದ್ದೆ ಅಂತಾನೇ ಹೇಳಿದ್ಳು. ಅಲ್ವಾ?"

ಅಪ್ಪಯ್ಯಣ್ಣ ದಾಳಿಂಬೆಯ ಚೀಲದ ಕಡೆ ನೋಡಿದ.

"ಆವತ್ತೇ ಯಾರಾದ್ರೂ ನಿಜ ಹೇಳಿದ್ರೆ ಕಂಪನಿಯವ್ರು ಬಂದು ಆ ಮೋರಿ ನೋಡೋರು. ಸರಿ ಮಾಡ್ಸೋರು. ನನ್ನ ಕಾಲು ಉಳಿಯೋದು. ನೀನೂ ಎಷ್ಟು ಸಲ ಕೇಳ್ದೆ ಅವರನ್ನ, ಮೋರಿ ಮಾಡಿಸ್ಕೊಡಿ ಅಂತ? ಏನೂ ಆಗಿಲ್ವಲ್ಲ ಅಂದ್ರು. ಏನೂ ಆಗಿಲ್ಲ ಅಂತ ಬರೆಸ್ತಾ ಇದ್ದೋರು ನಾವೇ ಅಲ್ವಾ? ಈಗ ನಾನು ಸುಮ್ನಿದ್ರೆ ನಾಳೆ ಆ ಡಬರಿ ಯಾರ ಮೇಲೆ ಬೀಳ್ತದೋ. ಕವಿತ ಈಗ ಬಸುರಿ ಅಣ್ಣಾ. ಇನ್ನೂ ಅವಳೇ ಎತ್ತುತಾವಳೆ."

ಅಪ್ಪಯ್ಯಣ್ಣ ಕುರ್ಚಿಯ ಅಂಚಿಗೆ ಕೂತ.

ಆಗ ಅಖ್ತರ್ ಬೇಗಂ ಮೆಲ್ಲಗೆ ಅಂದಳು, "ಅಪ್ಪಯ್ಯಣ್ಣ, ನೀವು ಎಲ್ಲರದೂ ಇಎಸ್‌ಐ ಕಟ್ಟಿದ್ದೀರ, ಅದು ಒಳ್ಳೇದು. ಕಟ್ಟಿದ ಮೇಲೆ ಗಾಯದ ಖರ್ಚು, ರಜೆ ಸಂಬಳ ಎಲ್ಲಾ ಇಎಸ್‌ಐ ನೋಡ್ಕೊಳ್ಳುತ್ತೆ. ನಿಮ್ಮ ಜೇಬಿಂದ ಯಾಕೆ ಬಿಲ್ ಕಟ್ತೀರ? ಮುಚ್ಚಿಟ್ಟು ಆಮೇಲೆ ಗೊತ್ತಾದ್ರೆ ಮಾತ್ರ ನಿಮ್ಮ ಮೇಲೇ ಕೇಸ್ ಬರುತ್ತೆ. ದೇವರು ಮಾಡದೇ ಇರ್ಲಿ, ಸೊಣ್ಣಮ್ಮಕ್ಕನ ಕಾಲಿಗೆ ಏನಾದ್ರೂ ಆಗಿದ್ರೆ ನೀವು ಏನು ಉತ್ತರ ಹೇಳ್ತಿದ್ರಿ?"

ಅಪ್ಪಯ್ಯಣ್ಣ ಸೊಣ್ಣಮ್ಮನ ಕಾಲನ್ನು ನೋಡಿದ. ಬುಧವಾರದಿಂದ ಅವನು ಅದನ್ನು ನೆಟ್ಟಗೆ ನೋಡಿರಲಿಲ್ಲ. ಎದ್ದು, "ಬರ್ತೀನಿ" ಎಂದಷ್ಟೇ ಹೇಳಿ ಹೊರಟ. ಕೊಂಡಪ್ಪ ಕಾಸಿಕೊಟ್ಟಿದ್ದ ಟೀ ಲೋಟದಲ್ಲೇ ಉಳಿಯಿತು.

"ಮುಗೀತು," ಕೊಂಡಪ್ಪ ತಲೆಯ ಮೇಲೆ ಕೈಯಿಟ್ಟುಕೊಂಡ. "ಕೆಲಸಾನೂ ಹೋಯ್ತು, ನಂಟೂ ಹೋಯ್ತು."

ಸೊಣ್ಣಮ್ಮನಿಗೆ ಆ ರಾತ್ರಿ ಊಟ ಸೇರಲಿಲ್ಲ. ಕಾಲಿನ ನೋವಿಗಿಂತ ಅಪ್ಪಯ್ಯಣ್ಣ ಟೀ ಕುಡಿಯದೆ ಹೋದದ್ದೇ ಅವಳಿಗೆ ಹೆಚ್ಚು ನೋವಾಗಿತ್ತು.

ಮಾರನೆಯ ದಿನ ಮಧ್ಯಾಹ್ನ ಕವಿತ ಫೋನ್ ಮಾಡಿದಳು. ದನಿಯಲ್ಲಿ ಗಾಬರಿಯೂ ಇತ್ತು, ಖುಷಿಯೂ ಇತ್ತು. "ಸೊಣ್ಣಮ್ಮಕ್ಕಾ, ಅಪ್ಪಯ್ಯಣ್ಣ ಬೆಳಿಗ್ಗೆ ತಾನೇ ಮ್ಯಾನೇಜರ್ ಹತ್ರ ಹೋಗಿ ಎಲ್ಲಾ ಹೇಳ್ಬಿಟ್ಟ! ವರದೀನೂ ಕಳ್ಸಿದ್ನಂತೆ. ಕಾಂತರಾಜು ಸರ್ ಅಡುಗೆಮನೆಗೆ ಬಂದಿದ್ರು. ಆ ನೀರಲ್ಲಿ ಅವರೂ ಜಾರಿದ್ರಕ್ಕಾ! ಗೋಡೆ ಹಿಡ್ಕೊಂಡು ನಿಂತ್ರು. ನನ್ನ ಕೂರಿಸ್ಕೊಂಡು ಏನಾಯ್ತು ಅಂತ ಕೇಳಿದ್ರು. ನಾನೂ ನನ್ನ ಸೊಂಟದ ವಿಚಾರ ಹೇಳ್ಬಿಟ್ಟೆ."

"ಕಾಂಟ್ರಾಕ್ಟ್ ಏನಂತೆ?"

"ಅಪ್ಪಯ್ಯಣ್ಣನಿಗೆ ಚೆನ್ನಾಗಿ ಬೈದ್ರು. ಇನ್ನೊಂದ್ಸಲ ಮುಚ್ಚಿಟ್ರೆ ಹುಷಾರ್ ಅಂತ ಬರೆದೂ ಕೊಟ್ರು. ಆದ್ರೆ ತೆಗೀಲಿಲ್ಲ."

ಎಲ್ಲವೂ ಹೂವು ಎತ್ತಿದಷ್ಟು ಸುಲಭವಾಗಿ ಆಯಿತೆಂದು ಹೇಳಿದರೆ ಅದು ಸುಳ್ಳಾಗುತ್ತದೆ. ಗೇಟಿನ ಬೋರ್ಡು ಸೊನ್ನೆಗೆ ಇಳಿಯಿತು, ಫಂಕ್ಷನ್ನು ನಿಂತಿತು. ಕೆಲವು ಕೆಲಸಗಾರರು ಫಂಕ್ಷನ್ನಿನಲ್ಲಿ ಕೊಡಬೇಕಿದ್ದ ಗಿಫ್ಟು ತಪ್ಪಿತೆಂದು ಗೊಣಗಿದರು. ವರದಿ ತಡವಾಗಿ ಹೋದದ್ದರಿಂದ ಇಎಸ್‌ಐ ಕಚೇರಿಯವರು ಕವಿತಳನ್ನೂ ಅಪ್ಪಯ್ಯಣ್ಣನನ್ನೂ ಕರೆದು ವಿಚಾರಿಸಿದರು. ಮೊದಲ ಕ್ಲಿನಿಕ್ಕಿನಲ್ಲಿ "ಮನೆಯಲ್ಲಿ ಆದ ಗಾಯ" ಎಂದು ಬರೆದಿದ್ದರಲ್ಲ, ಅದಕ್ಕೂ ಸೊಣ್ಣಮ್ಮ ಉತ್ತರ ಕೊಡಬೇಕಾಯಿತು. ಹಣ ಬರುವುದು ಸ್ವಲ್ಪ ತಡವಾಯಿತು. ಮೊದಲ ದಿನವೇ ನಿಜ ಹೇಳಿದ್ದರೆ ಈ ಓಡಾಟ ಉಳಿಯುತ್ತಿತ್ತು ಎಂದು ಸೊಣ್ಣಮ್ಮನೇ ಈಗ ಎಲ್ಲರಿಗೂ ಹೇಳುತ್ತಾಳೆ.

ಆದರೆ ಹಣ ಬಂತು. ಡಾಕ್ಟರು ಪ್ರತಿ ಸಲ ಗಾಯ ನೋಡಿ ಇನ್ನೂ ರೆಸ್ಟು ಬೇಕೆಂದು ಬರೆದುಕೊಡುತ್ತಿದ್ದರು. ಅಷ್ಟೂ ದಿನಕ್ಕೆ ಅವಳ ಖಾತೆಗೆ ಹಣ ಬಿತ್ತು. ಔಷಧಿ, ಡ್ರೆಸ್ಸಿಂಗು, ಸಕ್ಕರೆ ಪರೀಕ್ಷೆ ಯಾವುದಕ್ಕೂ ಅವಳು ಕೈಯಿಂದ ಕೊಡಬೇಕಾಗಲಿಲ್ಲ. ಅವಳು ಆ ರಜೆಯಲ್ಲಿದ್ದಾಗ ಅವಳನ್ನು ಕೆಲಸದಿಂದ ತೆಗೆಯುವಂತೆಯೂ ಇರಲಿಲ್ಲ, ಅದು ಕಾನೂನು. ಕೊಂಡಪ್ಪ ದಿನಾ ನೀರು ಹಿಡಿದ. ಮುದ್ದೆ ತೊಳಸುವುದನ್ನೂ ಕಲಿತ. ಮೊದಮೊದಲು ಅವನ ಮುದ್ದೆಯಲ್ಲಿ ಗಂಟೇ ಹೆಚ್ಚು. ಸೊಣ್ಣಮ್ಮ ಗಂಟು ಆರಿಸಿ ತಟ್ಟೆಯ ಅಂಚಿಗಿಟ್ಟು, "ಪರವಾಗಿಲ್ಲ, ಸಾರು ಚೆನ್ನಾಗಿದೆ" ಎನ್ನುತ್ತಿದ್ದಳು.

ಬಿಸಿಲು ಇಳಿದ ಒಂದು ಸಂಜೆ ಅಪ್ಪಯ್ಯಣ್ಣ ಬಂದ. ಈ ಸಲ ಕೈಯಲ್ಲಿ ಏನೂ ಇರಲಿಲ್ಲ. ಕೂತವನೇ, "ಟೀ ಇಡಪ್ಪಾ ಕೊಂಡಪ್ಪ" ಎಂದ. ಕುಡಿದು ಮುಗಿಸಿದ ಮೇಲೆ ಹೇಳಿದ, "ಸೊಣ್ಣಮ್ಮ, ಮೋರಿ ಒಡೆದು ಹೊಸದಾಗಿ ಮಾಡವ್ರೆ. ನೆಲಕ್ಕೆ ಜಾರದ ಕಲ್ಲು ಹಾಕವ್ರೆ. ಡಬರಿ ಎತ್ತೋ ಹಂಗಿಲ್ಲ ಈಗ, ಗಾಲಿ ಇರೋ ಗಾಡಿ ಮೇಲೆ ತಳ್ಳೋದು. ಎಲ್ಲಾರಿಗೂ ರಬ್ಬರ್ ಬೂಟು. ನಾನು ಕೇಳೀ ಕೇಳೀ ಸಾಕಾಗಿದ್ದೆ, ನಿನ್ನ ಕಾಲು ಕೇಳಿದ್ದಕ್ಕೆ ಮಾಡಿಕೊಟ್ರು. ವಾಸಿ ಮಾಡ್ಕೊಂಡು ಬಾ. ನೀನಿಲ್ದೆ ಸಾರು ಸಪ್ಪೆ ಅಂತ ಶಿಫ್ಟಿನ ಹುಡುಗರು ನನ್ನ ತಲೆ ತಿಂತಾವ್ರೆ."

ಸೊಣ್ಣಮ್ಮ ಆ ದಿನ ಎಷ್ಟೋ ದಿನದ ಮೇಲೆ ಹೊಟ್ಟೆತುಂಬ ಉಂಡಳು.

ಗಾಯ ಪೂರ್ತಿ ಒಣಗಿತು. ಚರ್ಮದ ಬಣ್ಣ ಬದಲಾಗಿದೆ, ಕಾಲಿನ ಶಕ್ತಿಗೆ ಏನೂ ಆಗಿಲ್ಲ. ಕೆಲಸಕ್ಕೆ ಸೇರಿದ ವಾರವೇ ಅವಳು ತನ್ನ ಸ್ತ್ರೀಶಕ್ತಿ ಸಂಘದ ಸಭೆಗೆ ಅಖ್ತರ್ ಬೇಗಂಳನ್ನೂ ಕರೆದುಕೊಂಡು ಹೋದಳು. ಸೀರೆ ಮೇಲೆತ್ತಿ ಕಾಲು ತೋರಿಸಿದಳು. ಹೆಂಗಸರು ಸುತ್ತ ಸೇರಿದರು.

"ನಮ್ಮೆಜಮಾನ್ರು ಮಗ್ಗದಲ್ಲಿ ಕೆಲಸ ಮಾಡೋದು," ಒಬ್ಬಳು ಕೇಳಿದಳು. "ಅಲ್ಲಿರೋದೇ ನಾಕು ಜನ. ಇಎಸ್‌ಐ ಗಿಎಸ್‌ಐ ಏನೂ ಇಲ್ಲ. ಅವರಿಗೆ ಏನಾದ್ರೂ ಆದ್ರೆ?"

"ಇಎಸ್‌ಐ ಇಲ್ಲ ಅಂದ್ರೆ ಮಾಲೀಕರೇ ಪರಿಹಾರ ಕೊಡ್ಬೇಕು," ಅಖ್ತರ್ ಬೇಗಂ ಹೇಳಿದಳು. "ಅದಕ್ಕೂ ಕಾನೂನು ಇದೆ. ಕೊಡದಿದ್ರೆ ಕಾರ್ಮಿಕ ಇಲಾಖೆ ಕಚೇರಿಗೆ ಹೋಗಿ ಕೇಳ್ಬೇಕು, ಎಲ್ಲಿ ಅರ್ಜಿ ಹಾಕೋದು ಅಂತ ಅವರು ಹೇಳ್ತಾರೆ. ಆದ್ರೆ ವರ್ಷಗಟ್ಟಲೆ ಬಿಟ್ಕೊಂಡು ಹೋಗ್ಬಾರ್ದು, ಅರ್ಜಿಗೆ ಎರಡು ವರ್ಷ ಅಂತ ಗಡುವು ಇದೆ."

"ನಂಗೆ ಗಾಯ ಏನೂ ಇಲ್ಲ," ಇನ್ನೊಬ್ಬಳು ಅಂಗೈ ಚಾಚಿದಳು. ಬೆರಳ ಸಂದಿಯೆಲ್ಲಾ ಬಿರಿದು ಕೆಂಪಾಗಿತ್ತು. "ಕಾರ್ಖಾನೇಲಿ ಬಿಡಿಭಾಗ ಎಣ್ಣೇಲಿ ತೊಳೆಯೋ ಕೆಲಸ. ಇದು ವರ್ಷದಿಂದ ಹಿಂಗೇ. ಯಾರದೋ ಕಣ್ಣು ತಗುಲಿರ್ಬೇಕು ಅಂತ ನಮ್ಮತ್ತೆ ನಿವಾಳಿಸ್ತಾರೆ."

ಸೊಣ್ಣಮ್ಮ ಆ ಕೈಯನ್ನು ತನ್ನ ಕೈಯಲ್ಲಿ ಹಿಡಿದುಕೊಂಡಳು. "ಅತ್ತೆ ನಿವಾಳಿಸ್ಲಿ ಬಿಡು. ನೀನು ಮಾತ್ರ ನಾಳೆ ಡಾಕ್ಟ್ರಿಗೆ ತೋರ್ಸು. ಏನು ಕೆಲಸ ಮಾಡ್ತೀನಿ, ಯಾವ ಎಣ್ಣೆ ಮುಟ್ತೀನಿ, ಎಷ್ಟು ದಿನದಿಂದ, ಅದನ್ನೂ ಹೇಳು. ಕೆಲಸದಿಂದ ಬಂದ ಕಾಯಿಲೆ ಅಂತ ಡಾಕ್ಟ್ರು ಗುರುತಿಸಿದ್ರೆ ಅದಕ್ಕೂ ಪರಿಹಾರ ಐತಂತೆ. ಚರ್ಮದ್ದು, ಕಿವಿ ಕೇಳಿಸ್ದೆ ಹೋಗೋದು, ಧೂಳಿಂದ ಎದೆ ಕಟ್ಟೋದು, ಇವೂ ಅದರೊಳಗೇ ಬರ್ತವೆ. ಹೆದರ್ಕೋಬ್ಯಾಡ. ನಿನ್ನ ಜೊತೆ ನಾನು ಬರ್ತೀನಿ."

ಮಾರನೆಯ ದಿನ ಬೆಳಿಗ್ಗೆ ಚಾಂದ್ ಪಾಷಾನ ಆಟೋದಲ್ಲಿ ಸೊಣ್ಣಮ್ಮನೂ ಆ ಹೆಂಗಸೂ ದೊಡ್ಡಬಳ್ಳಾಪುರದ ಕಡೆ ಹೊರಟದ್ದನ್ನು ಇಡೀ ಬೀದಿಯೇ ನೋಡಿತು.

ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ಈ ಕಥೆಯನ್ನು ನೀವು ಓದಿರಬಹುದು, ಇಲ್ಲವೇ ಸಂಘದಲ್ಲಿ ಯಾರೋ ಓದಿದ್ದನ್ನು ಕೇಳಿರಬಹುದು. ನಿಮ್ಮ ಮನೆಯಲ್ಲೂ ಒಬ್ಬರಾದರೂ ಕೆಲಸಕ್ಕೆ ಹೋಗುವವರಿದ್ದಾರೆ. ಯಂತ್ರದ ಮುಂದೆ ನಿಲ್ಲುವವರು, ಕಸ ಗುಡಿಸುವವರು, ಗೇಟು ಕಾಯುವವರು, ಅಡುಗೆ ಮಾಡುವವರು, ಕಾಂಟ್ರಾಕ್ಟಿನಲ್ಲಿರುವವರು, ಎಲ್ಲರ ದುಡಿಮೆಗೂ ಬೆಲೆ ಇದೆ, ಎಲ್ಲರ ಗಾಯಕ್ಕೂ ಹಕ್ಕಿದೆ. ಇವತ್ತು ಸಂಜೆ ಅವರು ಮನೆಗೆ ಬಂದಾಗ ಕೇಳಿ: ನಿನಗೆ ಇಎಸ್‌ಐ ಇದೆಯಾ? ನಂಬರು ಎಲ್ಲಿದೆ? ಅದರಲ್ಲಿ ಮನೆಯವರ ಹೆಸರು ಸೇರಿಸಿದ್ದೀಯಾ? ಏಕೆಂದರೆ ಕೆಲಸದಲ್ಲಿ ಜೀವವೇ ಹೋದರೆ ಅವರನ್ನು ನಂಬಿದ ಹೆಂಡತಿ ಮಕ್ಕಳಿಗೂ ತಿಂಗಳು ತಿಂಗಳು ಆಸರೆ ಸಿಗುತ್ತದೆ. ಇಎಸ್‌ಐ ಇಲ್ಲದಿದ್ದರೆ ಯಾಕಿಲ್ಲ ಎಂದು ಕೇಳುವುದೂ ನಿಮ್ಮ ಹಕ್ಕು.

ಕೆಲಸದ ಜಾಗದಲ್ಲಿ, ಇಲ್ಲವೇ ಕೆಲಸಕ್ಕೆ ಹೋಗಿ ಬರುವ ದಾರಿಯಲ್ಲಿ ಪೆಟ್ಟಾದರೆ ಆ ದಿನವೇ ಮೇಲಿನವರಿಗೆ ತಿಳಿಸಿ. ಜೊತೆಯಲ್ಲಿದ್ದು ನೋಡಿದವರು ಯಾರೆಂದು ನೆನಪಿಟ್ಟುಕೊಳ್ಳಿ. ಒಳ್ಳೆಯ ಮಾತಿಗೆ ಕಟ್ಟುಬಿದ್ದು, ಕೆಲಸ ಹೋದೀತೆಂಬ ಭಯಕ್ಕೆ ಬಿದ್ದು ಬಾಯಿ ಮುಚ್ಚಿಕೊಳ್ಳಬೇಡಿ. ನೀವು ಮುಚ್ಚಿಟ್ಟ ಗಾಯ ನಾಳೆ ಅದೇ ಜಾಗದಲ್ಲಿ ಇನ್ನೊಬ್ಬರಿಗೆ ಆಗುತ್ತದೆ.

ಆಸ್ಪತ್ರೆಯಲ್ಲಿ ಡಾಕ್ಟರು ಮೊದಲು ಕೇಳುವುದೇ "ಹೇಗಾಯ್ತು?" ಎಂದು. ಹೇಗಾಯಿತೋ ಹಾಗೇ ಹೇಳಿ.